ಬೋರ್ಡು ಒರೆಸುತ್ತಿದ್ದ ಕಂಟ್ರೋಲರ್

ಕಂಟ್ರೋಲರ್ ತೀರಿಹೋದ ಸುದ್ದಿಯನ್ನು ನನಗೆ ಹೇಳಿದವಳು ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು ಮಾರುವವಳು. ಅವಳು ಹೇಳುವ ಹೊತ್ತಿಗೆ ಮೂರನೇ ದಿನದ ಹಾಲು ತುಪ್ಪವೂ ಮುಗಿದಿತ್ತು. ನನ್ನ ಬಾಯಿಂದ ಬಂದ ಮೊದಲ ಮಾತು, "ಏನಾರಾ ಬರ್ದಿಟ್ಟು ಹೋದ್ರಂತಾ?" ಎಂಬುದು.

ಅವಳು ಆಸ್ತಿ ವಿಚಾರ ಅಂದುಕೊಂಡಳು. "ಬರ್ದಿಡೋಕೆ ಏನಿತ್ತವ್ವಾ ಆಯಪ್ಪಂಗೆ? ಇದ್ದಿದ್ದೊಂದು ಮನೆ, ಅದೂ ಎಂಡ್ತಿ ಎಸರಲ್ಲೈತೆ."

ನಾನು ಕೇಳಿದ್ದು ಅದನ್ನಲ್ಲ. ಸಿದ್ದರಾಜ ಎಂಬ ಡ್ರೈವರ್ ಒಬ್ಬನಿದ್ದಾನೆ. ಅವನ ತಲೆಯ ಮೇಲೆ ಒಬ್ಬ ಬಸುರಿ ಹೆಣ್ಣುಮಗಳ ಸಾವನ್ನು ಹೊರಿಸಿದ್ದಾರೆ. ಅವನದಲ್ಲದ ಆ ಹೊರೆಯನ್ನು ಇಳಿಸಬಲ್ಲವರು ಕಂಟ್ರೋಲರ್ ಒಬ್ಬರೇ. ತಮ್ಮ ಕೈಯಾರೆ ಒಂದು ಸಾಲು ಬರೆದಿದ್ದರೆ ಆಗುತ್ತಿತ್ತು. ಬರೆದರೋ ಇಲ್ಲವೋ ಎಂಬುದೊಂದೇ ನನಗೆ ಬೇಕಾಗಿದ್ದದ್ದು. ಅಳು ಬರಲಿಲ್ಲ. ಬಾಳೆಹಣ್ಣು ಚೀಲಕ್ಕೆ ಹಾಕಿಕೊಂಡು ಸೀದಾ ನಮ್ಮ ಹಳೆಯ ಆಫೀಸಿನ ಕಡೆ ನಡೆದೆ.

ಅವರ ಹೆಸರು ಇಲ್ಲಿ ಬೇಡ. ಹೆಂಡತಿ ಮಕ್ಕಳು ಇದೇ ಊರಲ್ಲಿ ಬದುಕಬೇಕು. ಊರಿನವರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಖಾಸಗಿ ಬಸ್ಸುಗಳನ್ನು ಹೊರಡಿಸುವ ಕೆಲಸ ಮಾಡಿದ್ದರಿಂದ ಕಂಟ್ರೋಲರ್ ಎಂದೇ ಹೆಸರಾಯಿತು. ಕುಳ್ಳ ಆಳು. ಕತ್ತನ್ನು ಮಾತ್ರ ತಿರುಗಿಸುವುದು ಗೊತ್ತಿರಲಿಲ್ಲ. ಯಾರಾದರೂ ಕರೆದರೆ ಬಸ್ಸನ್ನು ರಿವರ್ಸ್ ತೆಗೆಯುವ ಹಾಗೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಅಂಗಿ ಜೇಬಿನಲ್ಲಿ ಸದಾ ಒಂದು ಸೀಟಿ.

ಸ್ಟ್ಯಾಂಡಿನಲ್ಲಿ ಅವರ ಬೆನ್ನ ಹಿಂದೆ ಒಂದು ಕರಿ ಬೋರ್ಡು ಇರುತ್ತಿತ್ತು. ಮಡಿಕೇರಿ ಬಸ್ಸು ಬಂದರೆ ಅದರ ಹೆಸರು ಬರೆಯುವುದು, ಹೊರಟರೆ ಒರೆಸುವುದು. ಒರೆಸಲು ಬಟ್ಟೆ ಕೊಟ್ಟಿದ್ದರೂ ಅಂಗೈಯಲ್ಲೇ ಒರೆಸುತ್ತಿದ್ದರು. ಆ ಕಾಲದಲ್ಲಿ ಅವರ ಬಲಗೈ ಯಾವಾಗಲೂ ಬೆಳ್ಳಗೆ ಇರುತ್ತಿತ್ತು. ಹೋದ ಬಸ್ಸಿನ ಹೆಸರು ಬೋರ್ಡಿನ ಮೇಲೆ ಉಳಿದರೆ ಜನ ಮೋಸ ಹೋಗುತ್ತಾರೆ ಎಂಬುದು ಅವರ ಲೆಕ್ಕಾಚಾರ. ಬಸ್ಸಿನ ಮಟ್ಟಿಗೆ ಅದು ಸರಿಯೇ.

ಸ್ಟ್ಯಾಂಡಿನ ಕೆಲಸ ಬಿಟ್ಟ ಮೇಲೆ ಒಂದು ಟ್ರಸ್ಟಿನವರು ಅವರನ್ನು ಕರೆದುಕೊಂಡರು. ಬಸುರಿಯರನ್ನು ಹೆರಿಗೆ ಆಸ್ಪತ್ರೆಗೆ ಮುಟ್ಟಿಸುವ ವ್ಯಾನು ಅವರದು. ಲಕ್ಷ್ಮಣತೀರ್ಥ ಸೇತುವೆಗೆ ಸಮೀಪ ಒಂದು ಕೋಣೆಯ ಆಫೀಸು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕು ಕಡೆಯ ಹಳ್ಳಿಗಳ ಹೆಂಗಸರು ಅಲ್ಲಿ ಹೆಸರು ಬರೆಸುತ್ತಿದ್ದರು. ಕಂಟ್ರೋಲರಿಗೆ ಫೋನು ಮತ್ತು ಕಂಪ್ಯೂಟರು. ಸಿದ್ದರಾಜ ಡ್ರೈವರ್. ನಾನು ಕಸ ಹೊಡೆಯಲು ಸೇರಿ, ಹೆರಿಗೆ ಮಾಡಿಸಿ ಗೊತ್ತಿದ್ದುದರಿಂದ ವ್ಯಾನಿನಲ್ಲಿ ಜೊತೆಗೆ ಹೋಗುವ ಆಯಾ ಆದೆ. ಆ ಆಫೀಸಿಗೆ ಬೇಕಾಗಿದ್ದದ್ದು ಇಷ್ಟೇ: ಹೆಸರು ಬರೆಸಿದವಳ ಫೋನ್ ಬಂದರೆ ನಂಬರು ನೋಡಿದ ಕೂಡಲೇ ಅವಳು ಯಾವ ಮನೆಯಲ್ಲಿದ್ದಾಳೆ ಎಂದು ಗೊತ್ತಾಗಬೇಕು. ನೋವು ತಿನ್ನುವವಳ ಕೈಲಿ ದಾರಿ ಹೇಳಿಸಲಾಗುವುದಿಲ್ಲ.

ಕಂಟ್ರೋಲರ್ ಎಲ್ಲವನ್ನೂ ಒಂದು ಶೀಟಿನಲ್ಲಿ ಇಟ್ಟಿದ್ದರು. ಶೀಟು ಅಂದರೆ ಕಂಪ್ಯೂಟರಿನೊಳಗೆ ಚೌಕ ಚೌಕವಾಗಿ ಗೆರೆ ಎಳೆದ ಉದ್ದನೆಯ ಹಾಳೆ. ಒಬ್ಬಳಿಗೆ ಒಂದು ಸಾಲು. ಹೆಸರು, ಅವಳ ಫೋನು, ಊರು, ಮನೆ ಗುರುತು, ಮನೆಯವರ ಫೋನು. ಚೊಚ್ಚಲಿಗೆ ಗುಲಾಬಿ ಬಣ್ಣ, ಬಿಪಿ ಇದ್ದವಳಿಗೆ ಹಳದಿ. ಹೆರಿಗೆ ಆದರೆ ಆ ಸಾಲಿಗೆ ಹಸಿರು ಬಳಿದು, ಸೀಟಿಯನ್ನು ಮೆಲ್ಲಗೆ ಊದಿ, "ಗಾಡಿ ಬುಡ್ತು ಕಣಕ್ಕ!" ಎನ್ನುತ್ತಿದ್ದರು. ಆಗ ಮುಖ ನೋಡಬೇಕಿತ್ತು. ತಾವೇ ಹೆತ್ತ ಹಾಗೆ.

ಆಫೀಸಿನ ಟೀ ಮುಟ್ಟುತ್ತಿರಲಿಲ್ಲ. "ಟೀ ಕುಡ್ದೋನು ಉಚ್ಚೆಗೆ ಓಯ್ತಾನೆ, ಆಗ್ಲೇ ಫೋನ್ ಬತ್ತದೆ" ಎನ್ನುವರು. ಕಡಲೆಕಾಯಿ ತಿಂದು ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗೇ ಕೊಡುವರು, ಪ್ರಸಾದ ಕೊಟ್ಟ ಹಾಗೆ. ಕೀಬೋರ್ಡನ್ನು ದೀಪದ ಬತ್ತಿಯ ಹತ್ತಿಯಿಂದ ಒರೆಸುವರು. ಬೇರೆಯವರು ಮುಟ್ಟಿದರೆ ಕೂಗಾಡುವರು. ಒಂದು ಸಲ ತಮ್ಮ ಕಡೆಯ ಮದುವೆಗೆ ಹೋಗುವಾಗ ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿ ಯಾರಿಗೂ ಹೇಳದೆ ಹೋದರು. ಆ ದಿನ ಫೋನ್ ಬಂದವರಿಗೆಲ್ಲ ಸಿದ್ದರಾಜ, "ಊರು ಯಾವ್ದಕ್ಕ? ಯಾವ ಮರ ಸಿಕ್ತದೆ?" ಎಂದು ಕೇಳುತ್ತಾ ಬೆವರಿದ. ಬಂದ ಮೇಲೆ ನಾನು ಬೈದೆ. "ನನ್ ಶೀಟ್ನ ನಾನೇ ಎತ್ಕಂಡೋಗ್ತೀನಿ ಕಣಕ್ಕ, ನಿಂಗೇನು ಕಷ್ಟ?" ಎಂದು ನಕ್ಕರು. ಅವರಿಗೆ ಅದು ಆಫೀಸಿನ ಸಾಮಾನು ಆಗಿರಲಿಲ್ಲ.

ದಾರಿ ಗೊತ್ತಿತ್ತು ಎಂಬುದನ್ನು ಮಾತ್ರ ಒಪ್ಪಬೇಕು. ಒಮ್ಮೆ ಎಚ್.ಡಿ. ಕೋಟೆಯ ಹಿನ್ನೀರಿನ ಕಡೆ ದಾರಿ ತಪ್ಪಿ ನಿಂತಿದ್ದೆವು. ಒಳಗೆ ಮಲಗಿದ್ದ ಹೆಂಗಸಿಗೆ ನೀರು ಒಡೆದಿತ್ತು. ಕಂಟ್ರೋಲರ್ ಫೋನಿನಲ್ಲೇ ನಮ್ಮನ್ನು ಹೊರಡಿಸಿದರು. "ಮುಂದ್ಕೋಗ್ಲಾ ಸಿದ್ರಾಜ. ಎಡಕ್ಕೆ ಮುರ್ದೋಗಿರೋ ಬಸ್ ಶೆಲ್ಟ್ರು ಕಾಣ್ತದಾ? ಅದ ಬುಟ್ಟು ಮುಂದ್ಕೆ. ಅಕ್ಕಿ ಗಿರಣಿ ಪಕ್ಕ ಮಣ್ಣು ರಸ್ತೆ ಐತೆ, ನುಗ್ಗು." ಎಲ್ಲವೂ ಹೇಳಿದ ಹಾಗೆಯೇ ಇತ್ತು. ಆ ಹೆಂಗಸು ಉಳಿದಳು. ಇದನ್ನು ಬಿಟ್ಟು ಬರೆದರೆ ನಾನೂ ಸುಳ್ಳು ಬರೆದ ಹಾಗೆ.

ಆಮೇಲೆ ನಸೀಮಾ ಬಂದಳು. ಹುಣಸೂರು ಪೇಟೆಯ ಬಡಗಿ ಮನೆಯ ಹುಡುಗಿ, ಕಂಪ್ಯೂಟರು ಓದಿದವಳು. ಶೀಟಿನಲ್ಲಿ ಹೆಸರು ಹೆಚ್ಚಾಗಿ ತೊಡಕಾಗುತ್ತಿದೆ, ನೋಡಿ ಹೇಳು ಎಂದು ಟ್ರಸ್ಟಿನ ಸೆಕ್ರೆಟರಿ ಅವಳನ್ನು ಕರೆಸಿದ್ದರು. ಅವಳು ಒಂದು ವಾರ ಕೂತು ನೋಡಿ, ಇದಾಗುವುದಿಲ್ಲ, ಡೇಟಾಬೇಸ್ ಮಾಡಬೇಕು ಎಂದಳು.

ಅದೇನು ಎಂದು ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು ಹೀಗೆ. ಶೀಟಿನಲ್ಲಿ ಎಲ್ಲ ಒಂದೇ ಹಾಳೆಯ ಮೇಲೆ ಇರುತ್ತದೆ, ಯಾರು ಏನು ಅಳಿಸಿದರೂ ಗುರುತು ಉಳಿಯುವುದಿಲ್ಲ. ಡೇಟಾಬೇಸಿನಲ್ಲಿ ಹೆಂಗಸರದು ಒಂದು ಡಬ್ಬ, ಮನೆಗಳದು ಒಂದು ಡಬ್ಬ, ನಡುವೆ ದಾರ. ಒಬ್ಬಳಿಗೆ ಎಷ್ಟು ಮನೆ ಬೇಕಾದರೂ ಕಟ್ಟಬಹುದು. ಹಳೆಯದನ್ನು ಅಳಿಸುವ ಹಾಗಿಲ್ಲ, ಕೆಳಗೆ ಹೊಸದು ಸೇರಿಸಬೇಕು, ಸೇರಿಸಿದವರ ಹೆಸರೂ ಬೀಳುತ್ತದೆ. ನನಗೆ ಅರ್ಥವಾಯಿತು. ಕಂಟ್ರೋಲರಿಗೆ ನನಗಿಂತ ಚೆನ್ನಾಗಿಯೇ ಅರ್ಥವಾಗಿತ್ತು, ಅದಕ್ಕೇ ಕೋಪ ಬಂತು.

"ನಿಮ್ಮಪ್ಪ ಮಂಚ ಮಾಡ್ತಾರೆ, ನೀನು ಡೇಟಾಬೇಸ್ ಮಾಡ್ತೀಯಾ?" ಎಂದರು.

"ಮಂಚಕ್ಕಾದ್ರೂ ನಾಲ್ಕು ಕಾಲು ಇರ್ತದೆ ಸರ್" ಎಂದಳು ಅವಳು. "ನಿಮ್ಮ ಶೀಟಿಗೆ ಒಂದೇ ಕಾಲು. ಅದು ನೀವು."

ಸಿದ್ದರಾಜ ಬಾಗಿಲ ಹತ್ತಿರ ನಿಂತು ಕಿಸಕ್ಕನೆ ನಕ್ಕ. "ಏನ್ಲಾ ಅಲ್ಲು ಬುಡ್ತೀಯ, ಓಗಿ ಗಾಡಿ ತೊಳಿ ಓಗು" ಎಂದು ಅವನಿಗೆ ಕಂಟ್ರೋಲರ್ ಬೈಗುಳ ಬಿತ್ತು.

ನಸೀಮಾ ಬಿಡಲಿಲ್ಲ. "ಸರ್, ಚೊಚ್ಚಲು ಬಸುರಿ ಸೀಮಂತ ಆದ್ಮೇಲೆ ತವರಿಗೆ ಹೋಗ್ತಾಳಲ್ಲ. ಆಗ ಏನ್ ಮಾಡ್ತೀರಾ?"

"ಗಂಡನ ಊರು ಒರೆಸ್ತೀನಿ. ತವರೂರು ಬರೀತೀನಿ."

"ಮನೆಯವರ ಫೋನು?"

"ಅದೂ ಅಷ್ಟೇ. ಗಂಡನ ಮನೇದು ಒರೆಸಿ ಅವ್ವನ ಮನೇದು."

"ಅವಳು ಮಧ್ಯೆ ಗಂಡನ ಮನೆಗೆ ವಾಪಸ್ ಬಂದು, ನಿಮಗೆ ಹೇಳದೇ ಹೋದ್ರೆ?"

"ಹೇಳ್ತಾರೆ ಬುಡಮ್ಮ. ಒಂದು ಬಸ್ಸು ಒಂದು ಸಲಕ್ಕೆ ಒಂದೇ ಸ್ಟ್ಯಾಂಡಲ್ಲಿ ನಿಲ್ಲೋದು."

"ಹೆಂಗ್ಸು ಬಸ್ಸಲ್ಲ ಸರ್."

ಕಂಟ್ರೋಲರ್ ಇಡೀ ಮೈ ತಿರುಗಿಸಿ ಅಲ್ಲೇ ಕೂತಿದ್ದ ಸೆಕ್ರೆಟರಿಯನ್ನು ನೋಡಿದರು. "ಈ ಉಡುಗಿ ಮಾತು ಕೇಳೋದಾದ್ರೆ ಕೇಳಿ ಸರ್. ನಾನು ನಾಳೆಯಿಂದ ಬರಾಕಿಲ್ಲ."

ಸೆಕ್ರೆಟರಿ ಹೊಗೆಸೊಪ್ಪಿನ ವ್ಯಾಪಾರಸ್ಥರು. ಯಾವುದು ಸರಿ ಎನ್ನುವುದಕ್ಕಿಂತ ಯಾರು ಕಡಿಮೆ ಗಲಾಟೆ ಮಾಡುತ್ತಾರೆ ಎಂದು ನೋಡುವವರು. "ಸದ್ಯಕ್ಕೆ ಶೀಟೇ ನಡೀಲಿ" ಎಂದರು. ನಸೀಮಾ ಚೀಲ ಎತ್ತಿಕೊಂಡು ಹೋದಳು. ಕಂಟ್ರೋಲರ್ ಅವತ್ತು ಎಲ್ಲರಿಗೂ ಕಡಲೆಕಾಯಿ ಕೊಟ್ಟರು. ನಾನೂ ತಿಂದೆ.

ಸವಿತ ಎಂಬವಳು ಹೆಸರು ಬರೆಸಿದ್ದು ಆಮೇಲೆ. ಗಂಡನ ಮನೆ ಚುಂಚನಕಟ್ಟೆ ಕಡೆ, ಗದ್ದೆಯವರು. ತವರು ಹನಗೋಡು ಕಡೆ. ಚೊಚ್ಚಲು. ಸೀಮಂತ ಮಾಡಿಸಿಕೊಂಡು ತವರಿಗೆ ಹೋದ ಸುದ್ದಿಯನ್ನು ಅವಳ ತಾಯಿಯೇ ಫೋನ್ ಮಾಡಿ ಹೇಳಿದ್ದಳು. ಕಂಟ್ರೋಲರ್ ಗಂಡನ ಊರು ಅಳಿಸಿದರು, ಗಂಡನ ಮನೆಯ ಫೋನ್ ಅಳಿಸಿದರು, ತವರಿನದು ಬರೆದರು. ಅಲ್ಲಿಗೆ ಸರಿ. ಆದರೆ ನಾಟಿ ಸಮಯಕ್ಕೆ ಅತ್ತೆ ಅಂಗಳದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಳು. ನಾಟಿ ಆಳುಗಳಿಗೆ ಅಡುಗೆ ಮಾಡುವವರಿಲ್ಲ ಎಂದು ತುಂಬು ಬಸುರಿಯನ್ನು ವಾಪಸ್ ಕರೆಸಿಕೊಂಡರು. ಮುದ್ದೆ ತೊಳಸಲು ಕಳಿಸಿದೆವು ಎಂದು ಆಫೀಸಿಗೆ ಯಾರು ಫೋನ್ ಮಾಡುತ್ತಾರೆ?

ಹಾಗಿರುವಾಗ ಒಂದು ಮಧ್ಯಾಹ್ನ ಫೋನ್ ಬಂತು. "ಅಣ್ಣಾ, ಬೇಗ ಬನ್ನಿ, ರಕ್ತ ತುಂಬಾ ಓಯ್ತಾ ಅದೆ" ಅಷ್ಟೇ. ಕಟ್ ಆಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್. ಕಂಟ್ರೋಲರ್ ನಂಬರು ಹುಡುಕಿದರು, ಸಾಲು ಸಿಕ್ಕಿತು, ಹನಗೋಡು ಕಡೆ ಎಂದಿತ್ತು. ತಾಯಿಯ ಫೋನಿಗೆ ಮಾಡಿದರು, ರಿಂಗಾಯಿತು, ಎತ್ತಲಿಲ್ಲ. ಮಗಳ ಹತ್ತಿರ ಇರಬೇಕು, ಎತ್ತಲು ಪುರುಸೊತ್ತಿಲ್ಲ ಎಂದುಕೊಂಡರು. ವ್ಯಾನಿನ ಹತ್ತಿರ ಇದ್ದ ಸಿದ್ದರಾಜನಿಗೆ ಫೋನಿನಲ್ಲಿ ಹೇಳಿದರು. ನಾನು ಹಿಂದೆ ಹತ್ತಿ ಕೂತಿದ್ದೆ. "ಹನಗೋಡು ಕಡೆಯಂತೆ ಕಣಜ್ಜಿ, ಗಟ್ಟಿಯಾಗಿ ಇಡ್ಕೊ" ಎಂದ. ಓಡಿಸಿದ.

ಆ ಮನೆಯ ಬಾಗಿಲು ಚಿಲಕ ಹಾಕಿತ್ತು. ತಾಯಿ ಹೊಲದಿಂದ ಓಡಿ ಬಂದಳು. ಕೈಯೆಲ್ಲ ಹೊಗೆಸೊಪ್ಪಿನ ಅಂಟು. "ನನ್ ಮಗಳು ಇಲ್ಲೆಲ್ಲವಳವ್ವಾ? ಅತ್ತೆ ಮನೇಲವಳಲ್ಲಾ!" ಎಂದಳು. ಹೇಳುತ್ತಾ ಹೇಳುತ್ತಾ ಅವಳಿಗೇ ತಿಳಿಯಿತು. ಹಾಗೆಯೇ ವ್ಯಾನು ಹತ್ತಿದಳು.

ಹನಗೋಡಿನಿಂದ ಹುಣಸೂರು, ಹುಣಸೂರಿನಿಂದ ಚುಂಚನಕಟ್ಟೆ. ಆ ದಾರಿಯನ್ನು ನಾನು ವಿವರಿಸುವುದಿಲ್ಲ. ತಾಯಿಯ ಹತ್ತಿರ ಇದ್ದದ್ದು ಅಳಿಯನ ನಂಬರು ಒಂದೇ, ದಾರಿಯುದ್ದಕ್ಕೂ ಅವನಿಗೆ ಫೋನ್ ಮಾಡುತ್ತಲೇ ಇದ್ದಳು. ಅವನು ಗದ್ದೆಯ ಕೆಸರಿನಲ್ಲಿದ್ದ, ಫೋನು ಬದುವಿನ ಮೇಲಿತ್ತು. ನಾವು ಹೋದಾಗ ಕಾಲು ಮುರಿದ ಅತ್ತೆ ಹೊಸ್ತಿಲಿಗೆ ತೆವಳಿಕೊಂಡು ಬಂದು ಬೀದಿಗೆ ಕೂಗುತ್ತಿದ್ದಳು. ಸವಿತ ಅಡುಗೆ ಮನೆಯಲ್ಲಿದ್ದಳು. ಜೀವ ಇತ್ತು. ಎತ್ತಿ ವ್ಯಾನಿಗೆ ಹಾಕಿಕೊಂಡೆವು. ನನ್ನ ಸೆರಗು ಹಿಡಿದು, "ಫೋನ್ ಮಾಡಿದ್ನಲ್ಲವ್ವಾ" ಎಂದಳು. ಬೈಗುಳ ಅಲ್ಲ, ಕೇಳಿದ್ದು. ಕೆ.ಆರ್. ನಗರ ಇನ್ನೂ ದೂರ ಇರುವಾಗಲೇ ಹೋದಳು. ಮಗುವೂ ಹೊಟ್ಟೆಯಲ್ಲೇ ಹೋಯಿತು.

ಇಂಥ ಸಾವುಗಳನ್ನು ನಾನು ಮೊದಲೂ ನೋಡಿದ್ದೇನೆ. ಆದರೆ ಇದು ಆಗಬೇಕಿರಲಿಲ್ಲ. ಆ ಹಾಳೆಯಲ್ಲಿ ಎರಡೂ ಊರು, ಎರಡೂ ಫೋನು ಇದ್ದಿದ್ದರೆ ಗಂಡನ ಮನೆಗೂ ಒಂದು ಕರೆ ಹೋಗುತ್ತಿತ್ತು. ಅತ್ತೆಯ ಹಾಸಿಗೆ ಪಕ್ಕದಲ್ಲೇ ಆ ಫೋನು ಇತ್ತು, ಬಂದದ್ದನ್ನು ಎತ್ತುವುದಷ್ಟೇ ಅವಳಿಗೆ ಗೊತ್ತಿತ್ತು. ಆಮೇಲೆ ನಾನೇ ನೋಡಿದೆ.

ಇಲ್ಲಿಯವರೆಗಿನದನ್ನು ತಪ್ಪು ಎನ್ನಬಹುದು. ಮೂವತ್ತು ವರ್ಷ ಒರೆಸಿದ ಕೈ, ಒರೆಸಿತು. ಆದರೆ ಮಾರನೇ ದಿನ ಆದದ್ದು ತಪ್ಪಲ್ಲ, ಗೊತ್ತಿದ್ದೇ ಮಾಡಿದ್ದು.

ಬೆಳಿಗ್ಗೆ ಸವಿತಳ ಅಣ್ಣನೂ ಊರಿನ ಗಂಡಸರೂ ಗಾಡಿ ಮಾಡಿಕೊಂಡು ಬರುತ್ತಿದ್ದಾರೆ ಎಂದು ಫೋನ್ ಬಂತು. ನಾನು ನೆಲ ಒರೆಸುತ್ತಿದ್ದೆ. ಸೆಕ್ರೆಟರಿ ಬಂದು ಕಂಟ್ರೋಲರ್ ಕುರ್ಚಿಯ ಹಿಂದೆ ನಿಂತರು.

"ಆ ಹುಡುಗಿ ಊರು ಅಂತ ಏನೈತೆ ಅದ್ರಲ್ಲಿ?"

"ತವರೂರು ಸರ್."

"ಗಂಡನ ಊರು ಮಾಡ್ರಿ."

"ಸರ್..."

"ಗೇಟಿಗೆ ಬರೋವಷ್ಟರಲ್ಲಿ ಮಾಡ್ರಿ. ಇವತ್ತು ಟ್ರಸ್ಟಿಗೆ ಬೀಗ ಬಿದ್ರೆ ನಾಳೆ ಫೋನ್ ಮಾಡೋಳಿಗೆ ಗಾಡಿ ಎಲ್ಲಿಂದ ತರ್ತೀರಾ?"

ಕಂಟ್ರೋಲರ್ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಒತ್ತಿದರು. ಹನಗೋಡು ಕಡೆಯ ಊರು ಹೋಯಿತು, ಚುಂಚನಕಟ್ಟೆ ಕಡೆಯ ಊರು ಬಂತು. ಶೀಟಿಗೆ ಏನೂ ಆಗಲಿಲ್ಲ. ಮೊದಲಿನಿಂದಲೂ ಹಾಗೇ ಇತ್ತು ಎನ್ನುವ ಹಾಗೆ ಕೂತಿತ್ತು. ಅವರು ಮಾತ್ರ ಬಲಗೈ ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಂಡರು.

ಬಂದವರಿಗೆ ಸೆಕ್ರೆಟರಿ ಕಂಪ್ಯೂಟರ್ ತಿರುಗಿಸಿ ತೋರಿಸಿದರು. "ನೋಡಿ, ನಮ್ಮಲ್ಲಿ ಸರಿಯಾಗೇ ಐತೆ. ಕಂಟ್ರೋಲರ್ ಹೇಳಿದ್ದೂ ಚುಂಚನಕಟ್ಟೆ ಕಡೆ ಅಂತಲೇ. ಈ ಡ್ರೈವರ್ ಹಿಂದೊಂದ್ಸಲ ಚೆಕಪ್ ಮುಗಿಸಿ ಅವಳನ್ನ ತವರಿಗೆ ಬಿಟ್ಟು ಬಂದಿದ್ದ. ಹೇಳಿದ್ದನ್ನ ಪೂರ್ತಿ ಕೇಳದೆ ಅಲ್ಲಿಗೇ ಓಡಿಸವನೆ."

ಸಿದ್ದರಾಜ ಮೊದಲು ನಗು ಬಂದವನ ಹಾಗೆ ಬಾಯಿ ತೆರೆದ. "ಸರ್, ಏನ್ ಸರ್ ಇದು? ಕಂಟ್ರೋಲ್ರೇ, ನೀವೇ ಅಲ್ವಾ ಹನಗೋಡು ಕಡೆ ಅಂದಿದ್ದು? ಹೇಳಿ ಕಂಟ್ರೋಲ್ರೇ."

ಕಂಟ್ರೋಲರ್ ರಸ್ತೆ ನೋಡುತ್ತಿದ್ದರು. ಸವಿತಳ ಅಣ್ಣ ಸಿದ್ದರಾಜನ ಕೆನ್ನೆಗೆ ಹೊಡೆದ.

ನಾನು ಒರೆಸುವ ಬಟ್ಟೆ ಕೆಳಗೆ ಹಾಕಿ ಹೇಳಿದೆ. "ಅವ್ನಿಗೆ ಯಾಕಪ್ಪ ಒಡೀತೀಯ? ಈಗಿನ್ನೂ ನನ್ನ ಕಣ್ಮುಂದೆನೇ ಊರು ಬದ್ಲಾಯಿಸವ್ರೆ ಇವರು."

ಸೆಕ್ರೆಟರಿ ನಕ್ಕರು. "ಅಜ್ಜಿ, ನಿಂಗೆ ಕಂಪ್ಯೂಟ್ರು ಯಾವಾಗಿಂದ ಬರ್ತದೆ? ನೀನು ಅವನ ಜೊತೆ ಗಾಡೀಲಿ ಹೋಗೋಳು, ಅವನ ಕಡೆನೇ ಹೇಳ್ತೀಯ ಬಿಡು."

ಆ ಗಂಡಸರು ನನ್ನನ್ನೊಮ್ಮೆ ನೋಡಿದರು, ಕಂಪ್ಯೂಟರನ್ನೊಮ್ಮೆ ನೋಡಿದರು. ಕಂಪ್ಯೂಟರನ್ನು ನಂಬಿದರು. ಸಿದ್ದರಾಜನ ಕೆಲಸ ಹೋಯಿತು. ನನ್ನನ್ನು ಬಿಡಿಸಲಿಲ್ಲ. ನನ್ನ ಮಾತಿಗೆ ಬೆಲೆ ಇಲ್ಲ ಎಂದು ಎಲ್ಲರ ಮುಂದೆ ತೋರಿಸಿಯಾಗಿತ್ತಲ್ಲ.

ಅದೇ ತಿಂಗಳು ಸೆಕ್ರೆಟರಿ ನಸೀಮಾಳನ್ನು ಮತ್ತೆ ಕರೆಸಿದರು. ಡೇಟಾಬೇಸ್ ಮಾಡು, ಇನ್ನು ಮೇಲೆ ಯಾರೂ ಏನೂ ಅಳಿಸುವಂತಿರಬಾರದು ಎಂದರು. ಈ ಸಲ ಕಂಟ್ರೋಲರ್ ಅಡ್ಡಿ ಮಾಡಲಿಲ್ಲ. ಶೀಟಿನ ಒಂದೊಂದು ಸಾಲನ್ನೂ ಡೇಟಾಬೇಸಿಗೆ ಸೇರಿಸಿದರು. ಸತ್ತವಳ ಸಾಲನ್ನೂ ಸೇರಿಸಿದರು. ಹೀಗೆ ಆ ಸುಳ್ಳು ಊರು ಅಳಿಸಲಾಗದ ಜಾಗಕ್ಕೆ ಹೋಗಿ ಭದ್ರವಾಗಿ ಕೂತಿತು. ನಾನು ನಸೀಮಾಳಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ಕೀಬೋರ್ಡಿನಿಂದ ಕೈ ತೆಗೆದಳು.

"ಈಗ ಅಳಿಸೋಕಾಗಲ್ಲ ಅಜ್ಜಿ. ಕೆಳಗೆ ಒಂದು ಸಾಲು ಸೇರಿಸಬಹುದು, ಮೇಲಿಂದು ತಪ್ಪು, ನಾನು ಆಮೇಲೆ ಬದಲಾಯಿಸಿದ್ದು ಅಂತ. ಸೇರಿಸಿದವರ ಹೆಸರು ಬೀಳುತ್ತೆ. ಸರ್ರೇ ಸೇರಿಸಬೇಕು."

ಸಿದ್ದರಾಜನಿಗೆ ಪಿರಿಯಾಪಟ್ಟಣದ ಕಡೆ ಹೆಣ್ಣು ಗೊತ್ತಾಗಿತ್ತು. ಮುರಿದು ಹೋಯಿತು. ಬಸುರಿಯನ್ನು ಸಾಯಿಸಿದವನಿಗೆ ಹೆಣ್ಣು ಕೊಡುವುದಿಲ್ಲ ಎಂದು ಹೆಣ್ಣಿನ ಸೋದರಮಾವ ಸಂತೆಯಲ್ಲಿ ನಿಂತು ಹೇಳಿದನಂತೆ. ಯಾರೂ ವ್ಯಾನು ಕೊಡಲಿಲ್ಲ. ಹೊಗೆಸೊಪ್ಪು ಬೇಯಿಸುವ ಸೌದೆಯ ಟ್ರ್ಯಾಕ್ಟರ್‌ನಲ್ಲಿ ಲೋಡು ಇಳಿಸುವ ಕೆಲಸಕ್ಕೆ ಹೋಗುತ್ತಿದ್ದ. ಅದನ್ನು ಕೇಳಿ ನಾನು ಕಂಟ್ರೋಲರ್ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಮದುವೆ ಕಾಗದಗಳಿಗೆ ಅರಿಶಿನ ಹಚ್ಚುತ್ತಿದ್ದರು. ಮಗಳ ಮದುವೆ.

"ಬಾಕ್ಕ, ಕೂತ್ಕ" ಎಂದರು.

"ಕೂರಾಕೆ ಬಂದಿಲ್ಲ. ಸಿದ್ರಾಜಂದು ಏನ್ ಮಾಡ್ತೀರಾ?"

"ಬರೀತೀನಿ ಕಣಕ್ಕ. ಇದೊಂದು ಮುಗೀಲಿ. ಈಗ ಬರುದ್ರೆ ಪೊಲೀಸು ಸ್ಟೇಸನ್ನು ಅಂತ ಆಗ್ತದೆ. ಬೀಗ್ರು ಏನಂದ್ಕಂಡಾರು?"

"ಅವ್ನ ಮದ್ವೆ ಮುರ್ದು ನಿಮ್ ಮಗಳ ಮದ್ವೆ ಮಾಡ್ತೀರಾ ಕಂಟ್ರೋಲ್ರೇ?"

ಅವರ ಹೆಂಡತಿ ಒಳಗಿನಿಂದ ಟೀ ತಂದಳು. ನಾನು ಮುಟ್ಟಲಿಲ್ಲ. ಅವರು ಬೆರಳಿನ ಅರಿಶಿನ ನೋಡಿಕೊಂಡು, "ಬರೀತೀನಿ ಅಂದ್ನಲ್ಲಕ್ಕ" ಎಂದರು.

ಮದುವೆ ಮುಗಿಯಿತು. ಆಮೇಲೆ ಮಗಳು ಬಸುರಿಯಾದಳು, ಈಗ ಬೇಡ ಎಂದರು. ಆಮೇಲೆ ಬಾಣಂತನ. ಆಮೇಲೆ ನಾನು ಕೇಳುವುದನ್ನು ಬಿಟ್ಟೆ, ಅವರು ನನ್ನ ಎದುರಿಗೆ ಬರುವುದನ್ನು ಬಿಟ್ಟರು. ಆಫೀಸಿನಲ್ಲಿ ಸೀಟಿ ಊದುವುದಂತೂ ಊರು ಬದಲಾಯಿಸಿದ ದಿನದಿಂದಲೇ ನಿಂತಿತ್ತು. ಹೆರಿಗೆ ಸುದ್ದಿ ಬಂದರೆ ಬರೆದುಕೊಂಡು ಸುಮ್ಮನಾಗುವರು. ನಸೀಮಾ ಕಲಿಸಿದ್ದನ್ನು ಚೆನ್ನಾಗಿ ಕಲಿತರು, ಒಂದು ಊರನ್ನೂ ಬಿಡದೆ ಗಂಡನ ಮನೆ, ತವರು, ಚಿಕ್ಕಮ್ಮನ ಮನೆ ಎಲ್ಲ ಬರೆಯುತ್ತಿದ್ದರು. ಆ ಡೇಟಾಬೇಸಿನಿಂದ ಎಷ್ಟೋ ಹೆಂಗಸರು ಉಳಿದಿದ್ದಾರೆ, ಅದು ನಿಜ. ನನಗೆ ಮಂಡಿ ನೋವು ಹೆಚ್ಚಾಗಿ ಕೆಲಸ ಬಿಟ್ಟೆ. ಅವರು ಕೊನೆಯವರೆಗೂ ಹೋಗುತ್ತಿದ್ದರಂತೆ, ಎಲ್ಲರಿಗಿಂತ ಮುಂಚೆ ಬಂದು ಬಾಗಿಲು ತೆಗೆಯುತ್ತಿದ್ದರಂತೆ. ಎದೆ ನೋವು ಎಂದು ಒಂದು ದಿನ ಮಲಗಿದವರು ಏಳಲಿಲ್ಲ.

ಕೆಟ್ಟ ಮನುಷ್ಯ ಎಂದು ನಾನು ಬರೆಯಲಾರೆ. ಒಳ್ಳೆಯವರು ಎಂದೂ ಬರೆಯಲಾರೆ. ಹೆದರಿದ ಮನುಷ್ಯ. ಹೆದರಿದವರನ್ನು ನಾನು ಬಹಳ ಕಂಡಿದ್ದೇನೆ, ಅವರಿಂದ ಆಗುವ ಹಾಳನ್ನೂ ಕಂಡಿದ್ದೇನೆ.

ಬಸ್‌ಸ್ಟ್ಯಾಂಡಿನಿಂದ ಆಫೀಸಿಗೆ ಹೋದಾಗ ಕಂಟ್ರೋಲರ್ ಕುರ್ಚಿಯಲ್ಲಿ ನಸೀಮಾ ಕೂತಿದ್ದಳು. ಇನ್ನು ಮೇಲೆ ಅವಳೇ ನೋಡಿಕೊಳ್ಳಬೇಕಂತೆ. "ಬನ್ನಿ ಅಜ್ಜಿ" ಎಂದು ಸ್ಟೂಲು ಎಳೆದಳು.

"ಸವಿತಂದು ತೆಗಿ" ಎಂದೆ.

ಯಾಕೆ ಎಂದು ಅವಳು ಕೇಳಲಿಲ್ಲ. ತೆಗೆದಳು. ಊರಿನ ಜಾಗದಲ್ಲಿ ಚುಂಚನಕಟ್ಟೆ ಕಡೆಯ ಊರು ಹಾಗೇ ಇತ್ತು. ಅದರ ಕೆಳಗೆ ಬರೆಯುವ ಜಾಗ ಖಾಲಿ.

"ಬರೆದಿಲ್ಲ" ಎಂದೆ.

"ಬರೆದಿಲ್ಲ" ಎಂದಳು. ಆಮೇಲೆ, "ಇನ್ನೊಂದು ಇದೆ ಅಜ್ಜಿ, ನಾನೂ ಇವತ್ತೇ ನೋಡ್ತಿರೋದು" ಎಂದು ಇನ್ನೇನೋ ಒತ್ತಿದಳು. ಒಬ್ಬ ಹೆಂಗಸಿನ ಪುಟವನ್ನು ಯಾರು ತೆರೆದರೂ, ಏನೂ ಬರೆಯದೆ ಹೋದರೂ, ಅವರ ಹೆಸರು, ತಾರೀಕು, ಗಂಟೆ ಒಂದು ಕಡೆ ದಾಖಲಾಗುತ್ತದೆಯಂತೆ. ಅದು ಯಾರಿಗೂ ಕಾಣುವುದಿಲ್ಲ, ಅವಳಂಥವರು ಹುಡುಕಿದರೆ ಮಾತ್ರ ಕಾಣುತ್ತದೆ.

ಕಂಪ್ಯೂಟರಿನ ತುಂಬ ಕಂಟ್ರೋಲರ್ ಹೆಸರೇ ಇತ್ತು. ಒಂದರ ಕೆಳಗೊಂದು. ಅವಳು ಕೆಳಕ್ಕೆ ಕೆಳಕ್ಕೆ ಎಳೆದಳು, ಬೇಗ ಮುಗಿಯಲಿಲ್ಲ. ಎಲ್ಲ ಬೆಳಗಿನ ಹೊತ್ತು, ಬೇರೆಯವರು ಬರುವ ಮುಂಚೆ. ತೆರೆದದ್ದು, ಮುಚ್ಚಿದ್ದು. ತೆರೆದದ್ದು, ಮುಚ್ಚಿದ್ದು. ಮಗಳ ಮದುವೆಯ ವಾರವೂ ಇತ್ತು. ಹಾಸಿಗೆ ಹಿಡಿದ ಹಿಂದಿನ ದಿನವೂ ಇತ್ತು.

"ಇಷ್ಟು ಸಲ ನೋಡಿದಾರೆ, ಪಾಪ" ಎಂದಳು ನಸೀಮಾ. ಅವಳ ಕಣ್ಣು ತುಂಬಿತ್ತು.

"ಪಾಪ ಅನ್ನೋದ ಆಮೇಲೆ ಅನ್ನುವಂತೆ. ನೋಡಿದ್ರೆ ಸಿದ್ರಾಜಂಗೆ ಏನ್ ಬಂತು? ಈಗ ಅದ್ರ ಕೆಳ್ಗೆ ನೀನು ಬರಿ. ನಾನು ನೋಡಿದ್ದು ಹೇಳ್ತೀನಿ, ನಾನೇ ಹೇಳ್ದೆ ಅಂತ್ಲೂ ಹಾಕು."

ಅವಳು ಆ ಪಟ್ಟಿಯ ಪಕ್ಕದಲ್ಲೇ ಬರೆಯುವ ಜಾಗ ತೆರೆದಳು. ಬೆರಳು ಕೀಬೋರ್ಡಿನ ಮೇಲೆ ಇಟ್ಟಳು. ಹೊರಗೆ ಸೆಕ್ರೆಟರಿ ಕಾರು ಬಂದು ನಿಂತ ಸದ್ದಾಯಿತು.

"ನನ್ನ ಹೆಸರು ಬೀಳುತ್ತೆ ಅಜ್ಜಿ" ಎಂದಳು.

"ಹ್ಞೂಂ. ಬೀಳ್ತದೆ."

"ಅಬ್ಬಾಗೆ ಈಗ ಬಡಗಿ ಕೆಲಸ ಇಲ್ಲ. ಮನೆ ನಡೀತಿರೋದು ಇದರಿಂದಲೇ."

ಕಾರಿನ ಬಾಗಿಲು ಹಾಕಿದ ಸದ್ದಾಯಿತು. ನಸೀಮಾ ಆ ಖಾಲಿ ಜಾಗವನ್ನು ಇನ್ನೊಮ್ಮೆ ನೋಡಿ, ಪುಟ ಮುಚ್ಚಿದಳು. ಮುಚ್ಚುವ ಮುಂಚೆ ಆ ಹೆಸರುಗಳ ಸಾಲಿನ ಕಟ್ಟಕಡೆಗೆ ನನ್ನ ಕಣ್ಣು ಹೋಗಿತ್ತು. ಅಲ್ಲಿ ಕಂಟ್ರೋಲರ್ ಹೆಸರಿನ ಕೆಳಗೆ ಇವತ್ತಿನ ತಾರೀಕು ಬಿದ್ದಿತ್ತು, ಪಕ್ಕದಲ್ಲಿ ನಸೀಮಾಳ ಹೆಸರು, ಅದರ ಮುಂದೆ ತೆರೆದದ್ದು ಎಂದು.